ಒಂದೇ ಬಂಡಿಯಲ್ಲಿ ಬಂದವರು

ನಮ್ಮ ಮಾವನವರು ಶಿಗ್ಗಾವಿಯಲ್ಲಿ ವಕೀಲರು. ಆಗ ವಾದಿಗೊಂದು, ಪ್ರತಿವಾದಿಗೊಂದು ಬಂಡಿ ಎಲ್ಲಿಂದ ಬರಬೇಕು? ಜಗಳಾಡುವವರು ಒಂದೇ ಬಂಡಿಯಲ್ಲಿ ಬಂದು ನಮ್ಮ ಪಡಸಾಲೆಯಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಇಬ್ಬರಿಗೂ ಮಜ್ಜಿಗೆ ನನ್ನದೇ.

ದುಂಡಸಿಯ ಅಣ್ಣತಮ್ಮಂದಿರೂ ಹಾಗೇ ಬಂದರು, ಹೊಲದ ಪಾಲಿಗಾಗಿ. ಉಣ್ಣುತ್ತ ಅಣ್ಣ ಮಾವನವರ ಸಲಹೆ ಕೇಳಿದ. ಹೊಲ ತನ್ನ ಹೆಸರಿಗಿದ್ದರೂ ಕೊಂಡದ್ದು ಇಬ್ಬರ ದುಡಿಮೆಯಿಂದ ಅಂತ ನಂಬಿ ಹೇಳಿಕೊಂಡ. ಆಮೇಲೆ ಮಾವನವರು ತಮ್ಮನ ವಕಾಲತ್ತು ಹಿಡಿದು, ಅದೇ ಮಾತನ್ನು ಕೋರ್ಟಿನಲ್ಲಿ ಎತ್ತಿದರು. ನಂಬಿ ಹೇಳಿದ್ದನ್ನೇ ತನ್ನ ಮೇಲೆ ತಿರುಗಿಸಿದರೆಂದು ಅಣ್ಣ ಜಿಲ್ಲಾ ನ್ಯಾಯಾಧೀಶರಿಗೆ ದೂರು ಕೊಟ್ಟ. ವಿಚಾರಣೆಯಾಗಿ, ಮಾವನವರ ವಕೀಲಿ ಮಾಡುವ ಸನದು ಒಂದು ವರ್ಷ ಅಮಾನತಾಯಿತು.

ಕರೀ ಕೋಟು ಗೂಟಕ್ಕೆ ಬಿತ್ತು. ಸುಗ್ಗಿ ಮುಗಿದ ಮೇಲೆ ಅದೇ ಬಂಡಿ ಮತ್ತೆ ಬಂದು ನಿಂತಿತು. ಇಬ್ಬರೂ ಇಳಿದರು!

“ಇನ್ನೇನ ಉಳದೈತಿ ಅಂತ ಬಂದೀರಿ?” ಅಂದೆ.

ಅಣ್ಣ ನಾಚದೆ ಹೇಳಿದ: “ಸಾಹೇಬ್ರು ಈಗ ಯಾರ ಕಡೀ ವಕೀಲರೂ ಅಲ್ಲಲ್ಲವ್ವಾ. ಇಬ್ಬರದೂ ಕೇಳ್ತಾರಂತ ಬಂದ್ವಿ.”

ಮಾವನವರು ಕಂಬಕ್ಕೊರಗಿ ಕಣ್ಣು ಮುಚ್ಚಿದರು. “ಉಂಡು ಹೋಗ್ರಿ. ಹೊಲದ ಮಾತು ಮಾತ್ರ ಬ್ಯಾಡ. ಕೇಳಿ ಕೇಳಿ ದಣದೇನಿ.”

ಇಬ್ಬರೂ ಉಂಡು ಅದೇ ಬಂಡಿ ಏರಿ ಹೋದರು.

ವರ್ಷ ತುಂಬಿ ಸನದು ತಿರುಗಿ ಬಂತು. ಅಂದಿನಿಂದ ಬಂಡಿ ಬಂದರೆ ಮಾವನವರು ಬಾಗಿಲಲ್ಲೇ ತಡೆದು ಕೇಳುತ್ತಿದ್ದರು, “ನಿಮ್ಮೊಳಗ ನನ್ನ ಕಕ್ಷಿದಾರ ಯಾಂವ?” ಅವನೊಬ್ಬ ಒಳಗೆ. ಇನ್ನೊಬ್ಬ ಬಿಸಿಲಲ್ಲಿ ಹೊರಗಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದ. ಅವನ ಮಜ್ಜಿಗೆಯನ್ನು ನಾನು ಅಲ್ಲಿಗೇ ಒಯ್ಯುತ್ತಿದ್ದೆ.