ಏಳನೆಯ ಪುಟದ ಆರನೆಯ ಹೆಸರು

2006ರಲ್ಲಿ ನಾನು ಕೊಪ್ಪದ ಒಂದು ಸಣ್ಣ ಮುದ್ರಣಾಲಯದಲ್ಲಿ ಡಿಟಿಪಿ ಆಪರೇಟರ್ ಆಗಿದ್ದೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ. ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ನಡುವೆ ಆಗಾಗ ಹಿರಿಯರ ನೆನಪಿನ ಪುಸ್ತಿಕೆಗಳೂ ಬರುತ್ತಿದ್ದವು. ದಿನಕ್ಕೆ ಎಷ್ಟು ಪುಟ ಮಾಡಿದೆ, ಎಷ್ಟು ತಪ್ಪು ತಿದ್ದಿದೆ ಎಂದು ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ.

ನರಸಿಂಹರಾಜಪುರದ ಶಿವಲಿಂಗಪ್ಪನವರಿಗೆ ಆ ವರ್ಷ ತೊಂಬತ್ತು ತುಂಬುವುದಿತ್ತು. ತಂದೆಯ ಜೀವನವನ್ನು ಇಪ್ಪತ್ತನಾಲ್ಕು ಪುಟಗಳಲ್ಲಿ ತರಬೇಕೆಂದು ಹಿರಿಯ ಮಗ ರುದ್ರಪ್ಪ ಕೇಳಿಕೊಂಡರು. ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಮೂರು ಭಾನುವಾರ ಬಸ್ಸಿನಲ್ಲಿ ಹೋಗಿ ಅಜ್ಜನ ಮುಂದೆ ಕುಳಿತೆ. ಅಕ್ಕಿ ಮಿಲ್ಲು ನಡೆಸಿದವರು. ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಮದುವೆಯ ವಯಸ್ಸಿನವರಿದ್ದಾರೆ ಎಂಬುದು ಅವರಿಗೆ ಬಾಯಿಪಾಠ.

"ನಾನು ಕೂಡಿಸಿದ ಮದುವೆ ನಲವತ್ತಮೂರು. ಒಂದು ಮುರಿದುಬಿತ್ತು. ಅದನ್ನೂ ಬರ್ಕೊ ಮಾರಾಯ, ಇಲ್ದಿದ್ರೆ ಆ ಹುಡುಗಿ ಅಪ್ಪ ಮೇಲೆ ಹೋದ್ಮೇಲೂ ನನ್ನ ಬಿಡಲ್ಲ."

"ಮಕ್ಕಳೆಷ್ಟು ಅಜ್ಜ?"

"ಆರು."

ಬರೆದುಕೊಂಡೆ. ಮೂರು ಭಾನುವಾರವೂ ನನಗೆ ಕಾಫಿ ತಂದುಕೊಟ್ಟವರು ಗಂಗಮ್ಮ ಎಂಬ ಹೆಂಗಸು. ಅಜ್ಜನ ಆರೈಕೆಗೆಂದು ಕಮ್ಮರಡಿಯ ಗಂಡನ ಮನೆಯಿಂದ ಬಂದಿದ್ದರು. ಅಜ್ಜನನ್ನು 'ಅಪ್ಪಯ್ಯ' ಎಂದೇ ಕರೆಯುತ್ತಿದ್ದರು.

ಪುಸ್ತಿಕೆ ಮುಗಿಯುವ ಮೊದಲೇ ಅಜ್ಜ ತೀರಿಕೊಂಡರು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಪುಸ್ತಿಕೆ ಬೇಕೇ ಬೇಕೆಂದರು ರುದ್ರಪ್ಪ. ಹೆಸರುಗಳ ಕಾಗುಣಿತ ತಪ್ಪಬಾರದೆಂದು ತಾಲ್ಲೂಕು ಕಚೇರಿಯಿಂದ ಪಡೆದಿದ್ದ ವಂಶವೃಕ್ಷದ ಜೆರಾಕ್ಸ್ ಕಳಿಸಿದರು. ಅದರಲ್ಲಿ ಮಕ್ಕಳು ಐದೇ. ಮುರಿದ ಮದುವೆಯನ್ನೂ ಮರೆಯದ ಮನುಷ್ಯ ಸ್ವಂತ ಮಕ್ಕಳ ಲೆಕ್ಕ ತಪ್ಪುತ್ತಾರೆಯೇ ಎಂದು ನಾನು ಯೋಚಿಸಲಿಲ್ಲ. ಮುದ್ರೆಯಿದ್ದ ಕಾಗದವನ್ನು ನಂಬಿದೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಮಾಡಲಿಲ್ಲ. ಆರನ್ನು ಹೊಡೆದು ಐದು ಮಾಡಿದೆ. ಏಳನೆಯ ಪುಟದಲ್ಲಿ ಐದು ಹೆಸರು ಕೂರಿಸಿದೆ. ಆ ದಿನದ ಡೈರಿಯಲ್ಲಿ ಹೀಗಿದೆ: "ಪುಟ 8. ತಿದ್ದಿದ ತಪ್ಪು 1."

ಅಚ್ಚಿಗೆ ಮೊದಲು ತೋರಿಸುವ ಪ್ರತಿಗೆ ಪ್ರೂಫ್ ಎನ್ನುತ್ತೇವೆ. ಬಂದುಹೋಗುವ ನೆಂಟರ ಗದ್ದಲದಲ್ಲೇ ರುದ್ರಪ್ಪ ಅದರ ಮೇಲೆ ಕಣ್ಣಾಡಿಸಿ ಸಹಿ ಹಾಕಿದರು.

ಐನೂರು ಪ್ರತಿ ಹೊತ್ತು ಆರಾಧನೆಗೆ ಹೋದೆ. ಊಟದ ಮೊದಲ ಪಂಕ್ತಿ ಏಳುವಷ್ಟರಲ್ಲಿ ಇನ್ನೂರಹನ್ನೆರಡು ಹಂಚಿ ಆಗಿತ್ತು. ಬಡಿಸುತ್ತಿದ್ದ ಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಒಂದು ಪ್ರತಿ ಎತ್ತಿಕೊಂಡರು.

"ತಮ್ಮಾ, ಕನ್ನಡಕ ತಂದಿಲ್ಲ. ನನ್ನ ಹೆಸ್ರು ಯಾವ ಪುಟದಲ್ಲಿದೆ, ತೋರ್ಸು."

ನನಗೆ ಆ ಕ್ಷಣವೇ ಆರನೆಯವರು ಯಾರೆಂದು ತಿಳಿಯಿತು. ಹೆಸರು ಇಲ್ಲವೆಂದು ಗೊತ್ತಿದ್ದೂ ಪುಸ್ತಿಕೆ ಇಸಿದುಕೊಂಡು ಹುಡುಕುವವನಂತೆ ಒಂದೊಂದೇ ಹಾಳೆ ಮಗುಚಿದೆ. ಇಪ್ಪತ್ತನಾಲ್ಕನೆಯ ಪುಟ ಮುಟ್ಟಿ ಮತ್ತೆ ಮೊದಲಿಗೆ ಬಂದೆ. ಅವರು ಕಾಯುತ್ತಾ ನಿಂತೇ ಇದ್ದರು.

ಅಷ್ಟರಲ್ಲಿ ರುದ್ರಪ್ಪ ಬಂದರು. ಏಳನೆಯ ಪುಟ ನೋಡಿ ಅವರ ಮುಖ ಬದಲಾಯಿತು. "ಗಂಗೆ ಎಲ್ಲಿ? ಇವಳಪ್ಪ ನಮ್ಮ ಮಿಲ್ಲಿನ ಗಾಡಿ ಹೊಡೀತಿದ್ದ. ಅವ್ನು ಸತ್ತಾಗ ಎರಡು ವರ್ಷದ ಕೂಸನ್ನ ಅಪ್ಪಯ್ಯ ಹೆಗಲ ಮೇಲೆ ಕೂರಿಸ್ಕೊಂಡು ಬಂದ್ರು. ಅವತ್ತಿಂದ ನಾವು ಆರು ಜನ."

ತಪ್ಪಾಯಿತು ಎನ್ನಬೇಕಿತ್ತು. ನಾನು ಚೀಲದಿಂದ ಪ್ರೂಫ್ ತೆಗೆದು ಹಿಡಿದೆ. "ಸಹಿ ನಿಮ್ಮದೇ ಸಾರ್."

"ನಾನು ಅಕ್ಷರ ನೋಡ್ದೆ ಮಾರಾಯ. ನೀನು ಮನುಷ್ಯರನ್ನೇ ಕಳೀತೀಯ ಅಂತ ನಂಗೆಂತ ಗೊತ್ತು?"

ಗಂಗಮ್ಮ ನನ್ನ ಕೈಯಿಂದ ಪುಸ್ತಿಕೆ ತೆಗೆದುಕೊಂಡು ಕಟ್ಟಿನ ಮೇಲೆ ವಾಪಸ್ಸಿಟ್ಟರು. "ಎರಡನೇ ಪಂಕ್ತಿ ಕೂತಿದೆ" ಎಂದು ಒಳಗೆ ಹೋದರು.

ಆರು ಹೆಸರಿನ ಏಳನೆಯ ಪುಟವನ್ನು ಹೊಸದಾಗಿ ಅಚ್ಚು ಹಾಕಿ, ಉಳಿದಿದ್ದ ಪ್ರತಿಗಳಿಗೆಲ್ಲ ಅಂಟಿಸಿದೆ. ಹಂಚಿಹೋದವುಗಳನ್ನು ಹುಡುಕಿಕೊಂಡು ಭಾನುವಾರಗಳಲ್ಲಿ ಮನೆಮನೆಗೆ ಹೋದೆ. ಎರಡು ತಿಂಗಳಲ್ಲಿ ನೂರ ಐವತ್ತೊಂದಕ್ಕೆ ಅಂಟಿಸಿ ಆಯಿತು. ಆಮೇಲೆ ಒಂದು ಪ್ರತಿ ಹಿಡಿದು ಕಮ್ಮರಡಿಗೆ ಹೋದೆ. ಗಂಗಮ್ಮ ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಕೆಳಗೆ ಬೆರಳಿಟ್ಟು ಓದಿದರು. ಅಂಟಿಸಿದ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಎಲ್ಲಾದಕ್ಕೂ ಹಚ್ಚಿದ್ಯಾ?"

ಸುಳ್ಳು ಹೇಳಲು ಆಗಲಿಲ್ಲ. "ಅರವತ್ತೊಂದು ಸಿಗಲಿಲ್ಲ, ಗಂಗಕ್ಕ."

"ಹಂಗಾದ್ರೆ ಅರವತ್ತೊಂದು ಮನೇಲಿ ನಾನು ಅಪ್ಪಯ್ಯನ ಮಗಳಲ್ಲ," ಎಂದರು. ಆಮೇಲೆ, "ಕೂತ್ಕೋ, ಕಾಫಿ ತರ್ತೀನಿ."

ಆ ಕಾಫಿಯನ್ನು ಅವರ ಮುಖ ನೋಡದೆ ಕುಡಿದೆ.

ಈಗ ಎರಡು ವರ್ಷವಾಗಿದೆ. ಕಾಗದ ಒಂದು ಹೇಳಿ ಮನುಷ್ಯರು ಇನ್ನೊಂದು ಹೇಳಿದರೆ ನಾನಾಗಿ ತಿದ್ದುವುದಿಲ್ಲ, ಬಸ್ಸು ಹತ್ತಿ ಹೋಗಿ ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಯಾವ ಊರಿಗೆ ಹೋದರೂ ಚೀಲದಲ್ಲಿ ಏಳನೆಯ ಪುಟದ ಕೆಲವು ಹಾಳೆ, ಒಂದು ಗೋಂದಿನ ಬಾಟಲಿ ಇರುತ್ತವೆ. ಕಳೆದ ವಾರ ಶೃಂಗೇರಿಯ ಒಂದು ಅಂಗಡಿಯಲ್ಲಿ ಮತ್ತೊಂದು ಪ್ರತಿ ಸಿಕ್ಕಿತು. ಇನ್ನು ನಲವತ್ತಾರು.