ಹೆರಿಗೆ ನೋವಲ್ಲದ ನೋವು

೧೯೪೬ರ ಬೇಸಿಗೆಯಲ್ಲಿ ನಾನು ಹಲಸೂರಿನ ಒಂದು ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯೆಯಾಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ದೊಡ್ಡ ಡಾಕ್ಟರು ರಜೆಯ ಮೇಲೆ ಮದರಾಸಿಗೆ ಹೋಗಿದ್ದರಿಂದ ಆ ವಾರ ಆಸ್ಪತ್ರೆಯ ಹೊಣೆಯೆಲ್ಲ ನನ್ನ ಮತ್ತು ನರ್ಸ್ ರೋಸಮ್ಮನವರ ಮೇಲಿತ್ತು.

ಒಂದು ಮಧ್ಯಾಹ್ನ ದಂಡಿನ ಮಾರ್ಕೆಟ್ಟಿನ ಕಡೆಯಿಂದ ಬಂದ ಜಟಕಾ ಬಾಗಿಲಲ್ಲಿ ನಿಂತಿತು. ಅದರಿಂದ ಇಬ್ಬರು ಹೆಂಗಸರು ಒಬ್ಬ ಗರ್ಭಿಣಿಯನ್ನು ಇಳಿಸಿಕೊಂಡರು. ಗರ್ಭಿಣಿಯ ಹೆಸರು ಯಲ್ಲಮ್ಮ. ಬಾಣಸವಾಡಿಯವಳು, ತೋಟದ ಸೊಪ್ಪನ್ನು ಅತ್ತೆ ಮುನಿಯಮ್ಮನ ಜೊತೆ ಹೊತ್ತು ತಂದು ಬೀದಿಬದಿಯಲ್ಲಿ ಕೂತು ಮಾರುತ್ತಿದ್ದಳು. ಅಲ್ಲೇ ನೋವು ಬಂದಿತ್ತು. ಜಟಕಾ ಹಿಡಿದು ಕರೆತಂದ ಇನ್ನೊಬ್ಬಾಕೆ ಅದೇ ಬೀದಿಯ ಬಳೆ ವ್ಯಾಪಾರದ ಹಲೀಮಾಬಿ.

ಯಲ್ಲಮ್ಮನಿಗೆ ಏಳು ತಿಂಗಳು. ಹಿಂದಿನ ಬಸಿರು ಏಳರಲ್ಲೇ ಇಳಿದುಹೋಗಿತ್ತು.

"ಅದೇ ತಿಂಗ್ಳು, ಅದೇ ನೋವು ಡಾಕ್ಟ್ರಮ್ಮ," ಎಂದಳು ಮುನಿಯಮ್ಮ. "ಮಗು ಹೋದ್ರೂ ಹೋಗ್ಲಿ, ಸೊಸೇನ ಉಳಿಸ್ಕೊಡಿ."

ರೋಸಮ್ಮ ಆಗಲೇ ಲೇಬರ್ ರೂಮು ಸಜ್ಜು ಮಾಡುತ್ತಿದ್ದರು. ನಾನು ಯಲ್ಲಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಹೆರಿಗೆ ನೋವು ಬಂದಾಗ ಗರ್ಭಕೋಶ ಬಿಗಿದು ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇವಳು ಹಲ್ಲು ಕಚ್ಚಿ ನರಳುವಾಗಲೂ ಹೊಟ್ಟೆ ಮೆತ್ತಗೇ ಇತ್ತು. ಮಗುವಿನ ಎದೆಬಡಿತ ಸರಿಯಾಗಿ ಕೇಳುತ್ತಿತ್ತು.

"ನೋವು ಎಲ್ಲಿ ಹುಟ್ಟುತ್ತೆ, ಕೈಯಲ್ಲಿ ತೋರ್ಸಮ್ಮ," ಎಂದೆ.

ಅವಳು ಎಡಬೆನ್ನಿನಲ್ಲಿ ಪಕ್ಕೆಲುಬಿನ ಕೆಳಗೆ ಕೈಯಿಟ್ಟು, ಸೊಂಟ ಬಳಸಿಕೊಂಡು ತೊಡೆಸಂದಿನವರೆಗೂ ಎಳೆದಳು. ಒಂದು ಗಳಿಗೆ ಮಲಗಿದಲ್ಲಿ ಮಲಗಲಾರಳು. ಎದ್ದಳು, ಬಗ್ಗಿದಳು, ಮಗ್ಗುಲಾದಳು, ವಾಂತಿ ಮಾಡಿಕೊಂಡಳು. ಅಪೆಂಡಿಸೈಟಿಸ್‌ನಂಥ ಹೊಟ್ಟೆಯ ಉರಿಯೂತವಾದರೆ ರೋಗಿ ಅಲುಗಾಡಲು ಹೆದರಿ ಸುಮ್ಮನೆ ಬಿದ್ದಿರುತ್ತಾನೆ. ಹೀಗೆ ಒದ್ದಾಡಿಸುವುದು ಮೂತ್ರಪಿಂಡದ ಕಲ್ಲು.

ಮೂತ್ರದ ವಿಚಾರ ಕೇಳಿದೆ. ಯಲ್ಲಮ್ಮ ಅತ್ತೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಕೇಳಿದೆ.

"ಮೂರ್ನಾಕು ದಿನದಿಂದ ಕೆಂಪಗೆ ಹೋಗ್ತೈತೆ. ಉರಿ ಬೇರೆ. ಹೇಳಿದ್ರೆ ಬಸ್ರು ಇಳೀತಾ ಐತೆ ಅಂತ ಅತ್ತೆ ಹೆದರ್ಕೊಂತಾರೆ. ಅದಕ್ಕೇ ಸುಮ್ನಿದ್ದೆ."

ಆ ರಕ್ತ ಗರ್ಭಕೋಶದ್ದೋ ಮೂತ್ರದ್ದೋ ತಿಳಿಯಬೇಕಿತ್ತು. ರೋಸಮ್ಮ ಕ್ಯಾಥೆಟರ್, ಅಂದರೆ ತೆಳುವಾದ ನಳಿಕೆ ಹಾಕಿ ಮೂತ್ರ ತೆಗೆದರು. ಮೈಕ್ರೋಸ್ಕೋಪಿನ ಕೆಳಗೆ ಅದರ ತುಂಬ ರಕ್ತಕಣಗಳು; ರಕ್ತ ಮೂತ್ರದ್ದೇ, ಗರ್ಭಕೋಶದ್ದಲ್ಲ. ಥರ್ಮಾಮೀಟರಿನಲ್ಲಿ ಜ್ವರವಿರಲಿಲ್ಲ. ಅದನ್ನು ಕಂಡು ನನ್ನ ಅರ್ಧ ಭಯ ಇಳಿಯಿತು. ಚಳಿಜ್ವರ ಬಂದಿದ್ದರೆ, ಇಲ್ಲವೇ ಮೂತ್ರ ಕಟ್ಟಿದ್ದರೆ, ಕಾಯುವಂತೆಯೇ ಇರಲಿಲ್ಲ. ಆಪರೇಷನ್ ಸೌಕರ್ಯವಿರುವ ದೊಡ್ಡ ಆಸ್ಪತ್ರೆಗೆ ಓಡಬೇಕಿತ್ತು.

"ಲೇಬರ್ ರೂಮ್ ಬೇಡ ರೋಸಮ್ಮ. ವಾರ್ಡಿಗೆ ಕರ್ಕೊಂಡು ಹೋಗೋಣ," ಎಂದೆ. ಅವರು ಮರುಮಾತಾಡದೆ ತಳ್ಳುಮಂಚ ತಿರುಗಿಸಿದರು. ಆ ನಂಬಿಕೆಯಿಂದ ನನಗೆಷ್ಟು ಬಲ ಬಂತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ನೋವಿಗೆ ಇಂಜೆಕ್ಷನ್, ಬೆನ್ನಿಗೆ ಬಿಸಿನೀರಿನ ಚೀಲ, ವಾಂತಿ ನಿಂತ ಮೇಲೆ ಲೋಟ ಲೋಟ ಬಾರ್ಲಿ ನೀರು. ಮೂತ್ರವನ್ನೆಲ್ಲ ತೆಳುಬಟ್ಟೆಯಲ್ಲಿ ಸೋಸಿದೆವು. ಮರುದಿನ ಬಟ್ಟೆಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ, ಮುಳ್ಳುಮುಳ್ಳಾದ ಕಂದು ಕಲ್ಲೊಂದು ಸಿಕ್ಕಿತು.

ಮುನಿಯಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇಷ್ಟುದ್ದ ಇಲ್ಲ, ಎಂಥಾ ಆಟ ಆಡಿಸ್ಬಿಡ್ತು."

ಅಂದು ಸಂಜೆ ಯಲ್ಲಮ್ಮನಿಗೆ ಬುದ್ಧಿ ಹೇಳಲು ಕೂತೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದೆ.

"ಮನೆ ಬಿಡೋವಾಗ ಒಂದು ಚೆಂಬು. ಆಮೇಲೆ ವಾಪಸ್ ಹೋದ್ಮೇಲೇನೇ."

"ಅಷ್ಟು ಬಿಸಿಲಲ್ಲಿ ಬಾಯಾರಲ್ವಾ?"

"ಆರ್ತೈತೆ. ಕುಡುದ್ರೆ ಎಲ್ಲಿಗೋಗ್ಲಿ ಡಾಕ್ಟ್ರಮ್ಮ? ಗಂಡಸ್ರಾದ್ರೆ ಗೋಡೆ ಪಕ್ಕ ನಿಂತ್ಕೊಂತಾರೆ. ನಾವೆಲ್ಲ ಬಾಯಿ ಕಟ್ಕೊಂಡೇ ಕೂರೋದು."

ಅದಕ್ಕೆ ಉತ್ತರ ಕೊಟ್ಟವಳು ಯಲ್ಲಮ್ಮನನ್ನು ನೋಡಲು ಬಂದು ಮಂಚದ ಪಕ್ಕ ಕೂತಿದ್ದ ಹಲೀಮಾಬಿ.

"ಅರೆ, ಮೊದ್ಲೇ ಹೇಳ್ಬಾರ್ದಾ? ನಮ್ಮ ಹಿತ್ಲಲ್ಲಿ ಕಕ್ಕಸೈತೆ, ಹಿತ್ಲು ಬಾಗಿಲು ಗಲ್ಲೀಗೇ ಐತೆ. ನಾಳೆಯಿಂದ ತೆಗ್ದೇ ಇಡ್ತೀನಿ. ಸೊಪ್ಪಿನವ್ರಿಗೆಲ್ಲ ಹೇಳು. ಒಂದು ಮಡಕೆ ನೀರೂ ಇಡ್ತೀನಿ."

ಮುನಿಯಮ್ಮ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

ಯಲ್ಲಮ್ಮ ತಿಂಗಳು ತುಂಬಿದ ಮೇಲೆ ನಮ್ಮಲ್ಲಿಗೇ ಬಂದು ಹೆಣ್ಣುಮಗುವನ್ನು ಹೆತ್ತಳು. ಬಾಣಂತನ ಮುಗಿದು ಅವಳು ವ್ಯಾಪಾರಕ್ಕೆ ಮರಳಿದ ಮೇಲೆ ಒಮ್ಮೆ ಆ ಗಲ್ಲಿಯಲ್ಲಿ ಹಾದುಹೋದೆ. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಸಂಕೋಚವಿಲ್ಲದೆ ಹೆಂಗಸರು ಒಬ್ಬೊಬ್ಬರಾಗಿ ಹಲೀಮಾಬಿಯ ಹಿತ್ತಿಲಿಗೆ ಹೋಗಿಬರುತ್ತಿದ್ದರು.

ರೋಗದ ಲಕ್ಷಣಗಳನ್ನು ಕಾಲೇಜು ಕಲಿಸಿತ್ತು: ಬೆನ್ನಿನಿಂದ ತೊಡೆಸಂದಿಗಿಳಿಯುವ ನೋವು, ಒದ್ದಾಟ, ವಾಂತಿ, ಕೆಂಪು ಮೂತ್ರ. ಅದರ ಹಿಂದಿನ ಕಾರಣವನ್ನು ಕಲಿಸಿದ ಯಲ್ಲಮ್ಮನಿಗೂ, ಮದ್ದು ತೋರಿಸಿದ ಹಲೀಮಾಬಿಗೂ ನಾನು ಋಣಿ. ಅಂದಿನಿಂದ ನಿವೃತ್ತಳಾಗುವ ದಿನದವರೆಗೂ, "ನೀರು ಚೆನ್ನಾಗಿ ಕುಡೀರಿ" ಎಂದು ಯಾವ ಹೆಣ್ಣಿಗೆ ಹೇಳಿದರೂ, "ಕುಡಿದಮೇಲೆ ಹೋಗೋಕೆ ಜಾಗ ಇದೆಯೇನಮ್ಮ?" ಎಂದು ಕೇಳದೆ ಬಿಟ್ಟವಳಲ್ಲ.