ಸುಜಾತಾ ಚಿಕ್ಕಮ್ಮ ತರಬೇಕಿದ್ದ ಔಷಧ

ಸಾರು ಬಡಿಸಿದ ಕೂಡಲೇ ಸುಜಾತಾ ಚಿಕ್ಕಮ್ಮ ಉಣ್ಣುತ್ತಿರಲಿಲ್ಲ. ಮೇಲೆ ತೇಲುವ ಎಣ್ಣೆಯ ಹನಿಗಳನ್ನು ಬೆರಳ ತುದಿಯಿಂದ ಮೆಲ್ಲಗೆ ತಳ್ಳಿ ಒಂದಕ್ಕೊಂದು ತಾಗಿಸುತ್ತಿದ್ದಳು. ಎರಡು ಹನಿ ತಾಗಿ, ಒಂದು ಗಳಿಗೆ ಹಾಗೇ ನಿಂತು, ಫಕ್ಕನೆ ಒಂದಾದಾಗ ಅವಳ ಮುಖ ಅರಳುತ್ತಿತ್ತು. "ಉಣ್ಣಾಕ ಕುಂತೀಯೋ, ಆಟ ಆಡಾಕ ಕುಂತೀಯೋ?" ಎಂದು ಅವ್ವ ಬೈಯುವಳು. ಬೈಯುತ್ತಲೇ ಇನ್ನೊಂದು ಸೌಟು ಬಿಸಿ ಸಾರು ಹಾಕುವಳು. ಹೊಸ ಹನಿಗಳು ತೇಲಿ ಬರುತ್ತಿದ್ದವು, ಊಟ ಮತ್ತೆ ನಿಲ್ಲುತ್ತಿತ್ತು.

ಆ ಆಟವೇ ಅವಳ ಕಸುಬು. ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಅವಳು ವಿಜ್ಞಾನಿ. ನಮ್ಮ ರಕ್ತದಲ್ಲಿ ರೋಗಗಳ ಜೊತೆ ಹೋರಾಡುವ ಬಿಳಿ ಕಣಗಳ ಒಳಕ್ಕೆ ಎಚ್‌ಐವಿ ವೈರಸ್ಸು ಹೇಗೆ ಸೇರುತ್ತದೆ ಎಂಬುದೊಂದನ್ನೇ ವರ್ಷಗಟ್ಟಲೆ ನೋಡುತ್ತಿದ್ದಳು. ಸಂಡೂರಿನ ನಮ್ಮ ಓಣಿಗೆ ಇದೆಲ್ಲ ಯಾಕೆ ಬೇಕು? ಹೆಸರಿನ ಮುಂದೆ ಡಾಕ್ಟರ್ ಎಂದಿದೆ, ಅಷ್ಟೇ ಸಾಕು. ರಜೆಗೆ ಬಂದಳೆಂದರೆ ಮೊಣಕಾಲು ನೋವು, ಕೆಮ್ಮು ಎಂದು ಮುದುಕಿಯರು ನಮ್ಮ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. "ನಾ ಆ ಡಾಕ್ಟರ್ ಅಲ್ಲಬೇ" ಎಂದು ಎಷ್ಟು ಹೇಳಿದರೂ ಕೈ ಚಾಚುತ್ತಿದ್ದರು. ಇಲ್ಲ ಎನ್ನಲು ಬಾರದ ಹೆಂಗಸು. ನಾಡಿ ಹಿಡಿದಂತೆ ಮಾಡಿ, "ಬಿಸಿನೀರು ಕುಡಿ, ದವಾಖಾನಿಗೆ ಹೋಗು" ಎನ್ನುವಳು. ಅವಳ ಕೈಗುಣ ಭಾಳ ಛಲೋ ಎಂದು ಹೆಸರೂ ಬಂತು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅವ್ವ ಅವಳಿಗೆ ಅಕ್ಕನೂ ಹೌದು, ತಾಯಿಯೂ ಹೌದು. ಶಾಲೆ ಬಿಟ್ಟು, ಗಣಿಯಲ್ಲಿ ಅದಿರು ಆರಿಸಿ ತಂಗಿಯನ್ನು ಓದಿಸಿದವಳು. ನನ್ನ ಅಪ್ಪ ಅದಿರು ಲಾರಿಯ ಡ್ರೈವರ್. ಎಚ್‌ಐವಿಯಿಂದ ಅವನು ತೀರಿಕೊಂಡಾಗ ಅವ್ವನ ರಕ್ತದಲ್ಲೂ ಅದಿದೆಯೆಂದು ಗೊತ್ತಾಯಿತು. ಚಿಕ್ಕಮ್ಮ ಈ ಸಂಶೋಧನೆಗೆ ಕೈ ಹಾಕಿದ್ದು ಅದಾದ ಮೇಲೆಯೇ. "ಸುಜಾತ ನನ್ನ ಸಲುವಾಗಿ ಓದಾಕತ್ಯಾಳ" ಎಂದು ಅವ್ವ ನನ್ನೊಬ್ಬಳ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದಳು.

ಒಂದು ಸಲ ಊಟಕ್ಕೆ ಕೂತಾಗ ಅವ್ವ ಅವಳನ್ನೇ ಕೇಳಿದಳು, ಆ ವೈರಸ್ಸು ಒಳಗೆ ಹೋಗುವುದಾದರೂ ಹೇಗೆ ಎಂದು. ಚಿಕ್ಕಮ್ಮನಿಗೆ ಅಷ್ಟೇ ಬೇಕಿತ್ತು. ತಾಟನ್ನು ಅವ್ವನ ಕಡೆ ಸರಿಸಿದಳು. "ಅದು ಒಡಕೊಂಡು ಒಳಗ ಹೋಗಂಗಿಲ್ಲಕ್ಕ. ಕಣದ ಮೈಮ್ಯಾಲಿಂದು ಒಂದು ಕೊಂಡಿ ಹಿಡಿತೈತಿ, ಆಮ್ಯಾಲೆ ಇನ್ನೊಂದು ಕೊಂಡಿ ಹಿಡಿತೈತಿ. ಎರಡೂ ಸಿಕ್ಕುವು ಅಂದ್ರ, ನೋಡು, ಹಿಂಗ ಕೂಡಿಬಿಡತೈತಿ. ಆ ಎರಡನೇ ಕೊಂಡಿ ಮುಚ್ಚಿದ್ರ ಒಳಗ ಹೋಗಾಕ ಆಗಂಗಿಲ್ಲ."

"ಮುಚ್ತೀಯೇನು?" ಎಂದಳು ಅವ್ವ.

"ಮುಚ್ತೀವಿ" ಎಂದಳು ಚಿಕ್ಕಮ್ಮ. ಅವಳ ಬೆರಳು ಇನ್ನೂ ಸಾರಿನಲ್ಲಿತ್ತು.

ಹೊಸಪೇಟೆಯ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತಿತ್ತು. ದಿನಾ ಬಿಡದೆ ನುಂಗಿದರೆ ಬಾಳಿ ಬದುಕಬಹುದಿತ್ತು. ಆದರೆ ಆ ಸಾಲಿನಲ್ಲಿ ನಿಂತಾಗ ಸಂಡೂರಿನವರು ಯಾರಾದರೂ ಕಂಡರೆ ಎಂಬ ಹೆದರಿಕೆ ಅವ್ವನಿಗೆ. ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ನಾನು ಹಾಸ್ಟೆಲ್ಲಿನಲ್ಲಿದ್ದೆ. ಗುಳಿಗೆ ತಗೊಂಡೆಯಾ ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ಅವ್ವ ಹೂಂ ಎನ್ನುತ್ತಿದ್ದಳಂತೆ. ಕೆಮ್ಮು ಕ್ಷಯವಾಗಿ, ಎದ್ದು ನಡೆಯಲಾರದ ಅವ್ವನನ್ನು ಹೊಸಪೇಟೆ ದವಾಖಾನೆಯಲ್ಲಿ ಮಲಗಿಸಿದ ದಿನವೇ ನಮಗೆ ನಿಜ ತಿಳಿದದ್ದು. ಅವಳು ಗುಳಿಗೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಇನ್ನು ನಮ್ಮ ಕೈಯಲ್ಲಿಲ್ಲ ಎಂದರು ಡಾಕ್ಟರು.

ಹೈದರಾಬಾದಿನಿಂದ ಓಡಿ ಬಂದ ಚಿಕ್ಕಮ್ಮ ಮಂಚದ ಪಕ್ಕ ಕೂತು ಕೇಳಿದಳು, "ಯಾಕ ಬಿಟ್ಟೆಕ್ಕಾ?"

"ನೀ ಮುಚ್ತೀನಂದ್ಯಲ್ಲ. ನಿನ್ ಔಷಧ ಬರೂತನ ಆ ಕಹಿ ಯಾಕ ನುಂಗ್ಲಿ ಅಂತ." ಅವ್ವನ ಮಾತಿನಲ್ಲಿ ದೂರು ಇರಲಿಲ್ಲ. ನಗುಮುಖದಿಂದಲೇ ಕೇಳಿದಳು, "ಆತೇನವ್ವ?"

ಚಿಕ್ಕಮ್ಮ ನನ್ನ ಮುಖ ನೋಡಿದಳು. ಆಮೇಲೆ ಅವ್ವನ ಕೈ ಹಿಡಿದು, "ಆತಕ್ಕ. ನಾಳಿ ತರ್ತೀನಿ" ಎಂದಳು.

ಅವ್ವ ಆವತ್ತು ಎರಡು ತುತ್ತು ಅನ್ನ ಉಂಡಳು. ಪಕ್ಕದ ಮಂಚದಲ್ಲಿ ಅದೇ ರೋಗದ ಕಂಪ್ಲಿಯ ಹೆಂಗಸೊಬ್ಬಳಿದ್ದಳು, ಚಿಕ್ಕ ವಯಸ್ಸಿನವಳು. "ನನ್ ತಂಗಿ ಔಷಧ ಕಂಡುಹಿಡದಾಳ. ನಿಂಗೂ ಕೊಡಸ್ತೀನಿ" ಎಂದು ಅವಳಿಗೂ ಹೇಳಿದಳು.

ಮರುದಿನ ಬೆಳಿಗ್ಗೆ ನರ್ಸ್ ಗುಳಿಗೆ ತಂದಾಗ ಕಂಪ್ಲಿಯಾಕೆ ಮುಖ ತಿರುಗಿಸಿದಳು. "ನಂಗ ಇವು ಬ್ಯಾಡ್ರಿ. ಈ ಮೇಡಮ್ಮರ ಔಷಧ ಬರ್ತೈತಿ" ಎಂದು ಚಿಕ್ಕಮ್ಮನಿಗೆ ಕೈ ಮುಗಿದಳು.

ಅವಳನ್ನು ಹೊರಗೆ ಕರೆದು ಹೇಳೋಣವೆಂದರೆ ಅವಳಿಗೂ ಏಳಲು ಆಗುತ್ತಿರಲಿಲ್ಲ. ಎರಡು ಮಂಚಗಳ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಏನು ಹೇಳಿದರೂ ಅವ್ವನಿಗೆ ಕೇಳಿಸುತ್ತದೆ. ಚಿಕ್ಕಮ್ಮ ಆ ಜಾಗದಲ್ಲಿ ನಿಂತು, ನರ್ಸಿನ ಕೈಯಿಂದ ಗುಳಿಗೆ ಇಸಿದುಕೊಂಡು ಕಂಪ್ಲಿಯಾಕೆಯ ಮುಂದೆ ಹಿಡಿದಳು.

"ನನ್ ಹತ್ರ ಯಾವ ಔಷಧಾನೂ ಇಲ್ಲವ್ವ" ಎಂದಳು. "ಅಕ್ಕಗ ಸುಳ್ಳು ಹೇಳೀನಿ. ನೀ ಉಳೀಬೇಕಂದ್ರ ಇವನ್ನ ನುಂಗಬೇಕು. ದಿನಾ ನುಂಗಬೇಕು."

ಕಂಪ್ಲಿಯಾಕೆ ಅವ್ವನ ಕಡೆ ನೋಡಿದಳು. ಅವ್ವ ಚಿಕ್ಕಮ್ಮನ ಕಡೆ ನೋಡಿದಳು.

"ಹಂಗಾರ ನಂಗ?" ಎಂದಳು ಅವ್ವ.

ಕಂಪ್ಲಿಯಾಕೆ ಅಳುತ್ತ ಗುಳಿಗೆ ನುಂಗಿದಳು. ಅವ್ವ ಗೋಡೆಯ ಕಡೆ ಹೊರಳಿದಳು. ಎರಡು ದಿನ ಬದುಕಿದ್ದಳು. ನನ್ನ ಹತ್ತಿರ ನೀರು ಕೇಳಿದಳು, ಕಾಲು ಒತ್ತು ಎಂದಳು. ತಂಗಿಯೊಡನೆ ಒಂದು ಮಾತೂ ಆಡಲಿಲ್ಲ. ಈಗಲೂ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರೂ ಸಿಗುವುದಿಲ್ಲ.

ಸಂಡೂರಿನಲ್ಲಿ ಮಣ್ಣು ಮಾಡಿದ ಮೇಲೆ ಚಿಕ್ಕಮ್ಮನನ್ನು ಬಸ್ಸು ಹತ್ತಿಸಲು ಹೋದೆ. "ನಾ ಎರಡು ದಿನ ತಡದಿದ್ರ ಅಕ್ಕ ಆಸೆ ಇಟ್ಕೊಂಡೇ ಹೋಗ್ತಿದ್ಲು" ಎಂದಳು. "ಎರಡೇ ದಿನ ಉಳದಾವ ಅಂತ ನಮಗ ಹೆಂಗ ಗೊತ್ತಿತ್ತು, ಚಿಕ್ಕಮ್ಮ?" ಎಂದೆ. ಅದು ಅವಳಿಗೆ ಸಮಾಧಾನ ಕೊಟ್ಟಂತೆ ಕಾಣಲಿಲ್ಲ. ಮತ್ತೆ ಅವಳು ಈ ಕಡೆ ಕಾಲಿಟ್ಟಿಲ್ಲ. ಅದೇ ಪ್ರಯೋಗಾಲಯದಲ್ಲಿ ಅದೇ ಕೆಲಸ ಮಾಡುತ್ತಾಳೆ.

ಕಂಪ್ಲಿಯಾಕೆ ಚೆನ್ನಾಗಿದ್ದಾಳೆ. ಮೈ ತುಂಬಿಕೊಂಡಿದ್ದಾಳೆ, ಗದ್ದೆ ಕೆಲಸಕ್ಕೂ ಹೋಗುತ್ತಾಳೆ. ಮೊನ್ನೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ನನ್ನ ಕೈ ಬಿಡಲೇ ಇಲ್ಲ. ಮೇಡಮ್ಮರನ್ನು ಒಂದು ಸಲ ಕಣ್ಣಿಂದ ನೋಡಬೇಕು, ಕರೆಸು ಎಂದಳು. ಅಲ್ಲಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. ಹೇಗಿದ್ದಾಳೆ, ಏನು ಉಣ್ಣುತ್ತಾಳೆ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡಳು. ಹಾಗಾದರೆ ಬಾ ಎಂದೆ.

ಚಿಕ್ಕಮ್ಮ ಹೇಳಿದಳು, "ಆಕೀನ ನೋಡಿದ್ರ ನಂಗ ಖುಷಿ ಆಗತೈತಿ ಲೇ. ಆ ಖುಷಿ ನಂಗ ಬ್ಯಾಡ."